ಆಳಂದ, ಅಫಜಲಪುರ, ಜೇವರ್ಗಿ ಮತ್ತು ಒಂದಿಷ್ಟು ಬ್ರೌಸರುಗಳು

ಈ ಸಲ ದೀಪಾವಳಿಗೆ ಊರಿಗೆ ಹೋದವನು ಹಾಗೇ ಜೇವರ್ಗಿಗೂ ಹೋಗಿ ಬಂದೆ. ಅಕ್ಕನ ಮನೆ ಅಲ್ಲಿದೆ. ಮಾಮಾ, ಅಂದರೆ ಅಕ್ಕನ ಗಂಡ, ಅಲ್ಲೊಂದು ಝೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಹೆಸರಿಗೆ ಝೆರಾಕ್ಸ್ ಅಂಗಡಿ, ನಿಜವಾದ ವ್ಯಾಪಾರವೆಲ್ಲ ಆನ್‌ಲೈನ್ ಅರ್ಜಿಗಳದ್ದು. ಪಹಣಿ, ಬೆಳೆ ವಿಮೆ, ಸ್ಕಾಲರ್‌ಶಿಪ್, ಪರೀಕ್ಷೆಯ ಹಾಲ್ ಟಿಕೆಟ್ಟು... ಬೆಳಿಗ್ಗೆ ಶಟರ್ ತೆಗೆಯುವ ಮೊದಲೇ ನಾಲ್ಕು ಮಂದಿ ಕಟ್ಟೆಯ ಮೇಲೆ ಕೂತಿರುತ್ತಾರೆ.

ನಾನು ಹೋದ ತಕ್ಷಣ ಮಾಮಾ ಚಹಾ ತರಿಸಿ ಕೇಳಿದ ಮೊದಲ ಪ್ರಶ್ನೆಯೇ ಇದು:

"ಇಂಜಿನಿಯರ್ ಸಾಬ್, ಒಂದು ಹೇಳಪಾ. ಈ ಕಂಪ್ಯೂಟರದಾಗ ಯಾವ ಬ್ರೌಸರ್ ಹಾಕಿದ್ರ ಚಲೋ? ಒಂದರಾಗ ಫಾರ್ಮ್ ತಗೀತದ, ಪ್ರಿಂಟ್ ಸರಿ ಬರಂಗಿಲ್ಲ. ಇನ್ನೊಂದರಾಗ ಪ್ರಿಂಟ್ ಬರತದ, ಫಾರ್ಮೇ ತಗಿಯಂಗಿಲ್ಲ. ಮಂದಿ ಪಾಳಿ ಹಚ್ಚಿ ನಿಂತಿರ್ತಾರ, ನನಗ ತಲಿ ಕೆಡ್ತದ."

ಇಂಥ ಪ್ರಶ್ನೆಗೆ ನಾವು ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ಒಂದು ಸೆಕೆಂಡಿನಲ್ಲಿ ಉತ್ತರ ಕೊಟ್ಟುಬಿಡುತ್ತೇವೆ, "ಕ್ರೋಮ್ ಹಾಕ್ರಿ, ಮುಗೀತು" ಅಂತ. ನನ್ನ ಬಾಯಿಗೂ ಅದೇ ಬಂತು. ಆದರೆ ಹೇಳಲಿಲ್ಲ. ಯಾಕೆಂದರೆ ಹನ್ನೆರಡು ವರ್ಷದ ಹಿಂದೆ ಇದೇ ಸಮಸ್ಯೆ ನನ್ನ ಮೈಮೇಲೇ ಬಂದು ಹೋಗಿತ್ತು. ಆ ಕತೆ ಹೇಳಬೇಕೆಂದರೆ ಬ್ರೌಸರುಗಳ ಇತಿಹಾಸವನ್ನೂ ಹೇಳಬೇಕಾಗುತ್ತದೆ. ಸ್ವಲ್ಪ ಉದ್ದ ಆಗುತ್ತೆ, ಓದಿಕೊಳ್ಳಿ :)

ಆಳಂದ, 2013

ನಮ್ಮದು ಆಳಂದ ತಾಲ್ಲೂಕಿನ ಒಂದು ಹಳ್ಳಿ. ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಶುರುವಾಗಿ ಕಡಗಂಚಿಗೆ ಬಂದ ಮೇಲೆ ನಮ್ಮ ತಾಲ್ಲೂಕಿನ ಹೆಸರು ಹೊರಗಿನವರಿಗೂ ಗೊತ್ತಾಗಿದೆ. ಅದಕ್ಕೂ ಮೊದಲು ಗೊತ್ತಿದ್ದದ್ದು ಲಾಡ್ಲೆ ಮಶಾಯಕ ದರ್ಗಾ ಮತ್ತು ತೊಗರಿ, ಅಷ್ಟೇ. 2013ರಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸ್ ಸೇರಿದೆ. ಒಂದು ಸ್ಕಾಲರ್‌ಶಿಪ್ ಇತ್ತು. ಅರ್ಜಿ ಆನ್‌ಲೈನಿನಲ್ಲೇ ತುಂಬಬೇಕು, ಪ್ರಿಂಟ್ ತೆಗೆದು ಕಾಲೇಜಿನ ಆಫೀಸಿಗೆ ಕೊಡಬೇಕು. ಯಾವ ಸ್ಕಾಲರ್‌ಶಿಪ್, ಯಾವ ಕಾಲೇಜು ಅಂತ ಇಲ್ಲಿ ಬೇಡ ಬಿಡಿ.

ಆಳಂದದ ಒಂದು ಇಂಟರ್ನೆಟ್ ಅಂಗಡಿಗೆ ಹೋದೆ. ವಿಂಡೋಸ್ ಎಕ್ಸ್‌ಪಿ, ಅದರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್. ಅರ್ಜಿಯ ಪುಟದ ಕೆಳಗೆ "ಈ ತಾಣವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ನೋಡಿ" ಅನ್ನುವ ಅರ್ಥದ ಒಂದು ಸಾಲು. ತುಂಬಿದೆ, ಬಟನ್ ಒತ್ತಿದೆ, ಅರ್ಜಿ ಹೋಯ್ತು. ಪ್ರಿಂಟ್ ಕೈಗೆ ಬಂದಾಗ ನೋಡಿದರೆ ಇಂಗ್ಲಿಷ್ ಎಲ್ಲ ಸರಿಯಾಗಿದೆ, ಕನ್ನಡ ಇರಬೇಕಾದ ಕಡೆಯೆಲ್ಲ ಚೌಕ ಚೌಕ ಡಬ್ಬಿಗಳು. ನನ್ನ ಹೆಸರು ಐದು ಡಬ್ಬಿ, ಅಪ್ಪನ ಹೆಸರು ಒಂಬತ್ತು ಡಬ್ಬಿ.

ಅಂಗಡಿಯ ಅಣ್ಣನಿಗೂ ಆಶ್ಚರ್ಯ. "ನಮ್ಮಲ್ಲಿ ನುಡಿ ಅದ ಅಲಾ, ಕನ್ನಡ ಬರಲಿಕ್ಕೇ ಬೇಕು" ಅಂತ ವರ್ಡ್ ತೆಗೆದು ಟೈಪ್ ಮಾಡಿಯೂ ತೋರಿಸಿದ. ಅಲ್ಲಿ ಕನ್ನಡ ಮುದ್ದಾಗಿ ಬಂತು!

ಕಾಲೇಜಿನ ಆಫೀಸಿನಲ್ಲಿ ಆ ಪ್ರಿಂಟ್ ತಗೊಳ್ಳಲಿಲ್ಲ. "ಇದೇನಪಾ ಡಬ್ಬಿ ಡಬ್ಬಿ? ಇದರಾಗ ನಿಮ್ಮಪ್ಪನ ಹೆಸರು ಎಲ್ಲಿ ಅದ? ಸರಿ ಮಾಡಿಸ್ಕೊಂಡು ಬಾ" ಅಂದರು. ಕೊನೆಯ ದಿನಕ್ಕೆ ಇನ್ನು ಎರಡೇ ದಿನ.

ಡಬ್ಬಿ ಯಾಕೆ ಬಂತು?

ಇದು ಗೊತ್ತಾಗಿದ್ದು ಎಷ್ಟೋ ವರ್ಷದ ನಂತರ. ಗೊತ್ತಾದಾಗ ನಗು ಬಂತು, ಆಮೇಲೆ ಸಿಟ್ಟು ಬಂತು.

ವೆಬ್ಬು ಜನರ ಕೈಗೆ ಬಂದದ್ದು 1993ರ ಮೊಸಾಯಿಕ್ ಬ್ರೌಸರಿನಿಂದ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಹುಡುಗರು ಮಾಡಿದ್ದು. ಅವರಲ್ಲೇ ಕೆಲವರು ಹೊರಗೆ ಬಂದು 1994ರಲ್ಲಿ ನೆಟ್‌ಸ್ಕೇಪ್ ಮಾಡಿದರು. 1995ರಲ್ಲಿ ಮೈಕ್ರೋಸಾಫ್ಟ್ ಮೊಸಾಯಿಕ್‌ನ ಪರವಾನಗಿ ಪಡೆದ ಕೋಡಿನಿಂದಲೇ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಟ್ಟಿ, ಮುಂದೆ ಅದನ್ನು ವಿಂಡೋಸಿನ ಜೊತೆಯಲ್ಲೇ ಪುಕ್ಕಟೆ ಹಂಚಿತು. ಹಾಸಿಗೆ ಕೊಂಡರೆ ತಲೆದಿಂಬು ಫ್ರೀ ಅಂದ ಹಾಗೆ. ಬೇರೆ ತಲೆದಿಂಬು ಯಾರು ಕೊಳ್ಳುತ್ತಾರೆ?

ಆ ಹೊತ್ತಿಗೆ ಕನ್ನಡವೂ ವೆಬ್ಬಿಗೆ ಕಾಲಿಟ್ಟಿತ್ತು. ಡಾ. ಯು.ಬಿ. ಪವನಜ ಅವರ "ವಿಶ್ವಕನ್ನಡ" 1996ರಲ್ಲೇ ಶುರುವಾಯಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ "ಬರಹ" ಬಂತು. ಮುಂದೆ ಕನ್ನಡ ಗಣಕ ಪರಿಷತ್ತಿನ "ನುಡಿ" ಬಂತು. ಆದರೆ ಆಗಿನ ಕನ್ನಡ ನಿಜವಾಗಿ ಇಂಗ್ಲಿಷಿನ ವೇಷ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ಇಳಿಸಿಕೊಳ್ಳುವ ರಗಳೆ ತಪ್ಪಿಸಲು "ಡೈನಮಿಕ್ ಫಾಂಟ್" ಅಂತ ಮಾಡಿದರು. ಅಲ್ಲೂ ನೆಟ್‌ಸ್ಕೇಪಿನದ್ದು ಒಂದು ತಂತ್ರ, ಇಂಟರ್ನೆಟ್ ಎಕ್ಸ್‌ಪ್ಲೋರರಿನದ್ದು ಇನ್ನೊಂದು. ಒಂದಕ್ಕೆ ಮಾಡಿದ್ದು ಇನ್ನೊಂದರಲ್ಲಿ ಓಡದು. "ಒಂದರಾಗ ಬರತದ, ಇನ್ನೊಂದರಾಗ ಬರಂಗಿಲ್ಲ" ಅನ್ನುವ ಮಾಮಾನ ದೂರಿನ ಮೂಲ ಪುರುಷ ಇಲ್ಲಿದ್ದಾನೆ ನೋಡಿ!

ಇದಕ್ಕೆ ಮದ್ದು ಯೂನಿಕೋಡ್. ಅದರ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನ ಕಾದಿರಿಸಿದ್ದರು. ಆದರೆ ಸ್ಥಾನ ಇದ್ದರೆ ಸಾಲದು, ತೋರಿಸುವವರೂ ಬೇಕಲ್ಲ? ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳು ಬಂದವು, ಕನ್ನಡ ಬರಲಿಲ್ಲ. ನಮಗೆ ಬಾಗಿಲು ತೆರೆದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಅದೂ ಅರೆ ಬಾಗಿಲು. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಭಾಷೆಗಳ ವಿಭಾಗದಲ್ಲಿ "ಸಂಕೀರ್ಣ ಲಿಪಿ"ಗಳ ಮುಂದಿನ ಚೌಕದಲ್ಲಿ ಒಂದು ಟಿಕ್ ಹಾಕಿ, ವಿಂಡೋಸಿನ ಸಿಡಿ ತುರುಕಿ, ರಿಸ್ಟಾರ್ಟ್ ಮಾಡಬೇಕಿತ್ತು.

ಆಳಂದದ ಆ ಅಂಗಡಿಯಲ್ಲಿ ಆ ಟಿಕ್ ಹಾಕಿರಲಿಲ್ಲ. ಇಷ್ಟೇ ವಿಷಯ. ನುಡಿಯ ಹಳೆಯ ಫಾಂಟು ಬೇರೆ, ಯೂನಿಕೋಡ್ ಬೇರೆ ಅಂತ ಅಣ್ಣನಿಗೆ ಯಾರೂ ಹೇಳಿರಲಿಲ್ಲ. ರಾಜ್ಯ ಸರ್ಕಾರವೇ ಯೂನಿಕೋಡನ್ನು ಶಿಷ್ಟತೆ ಅಂತ ಒಪ್ಪಿಕೊಂಡದ್ದು 2012ರಲ್ಲಿ. ಅವನನ್ನು ಏನಂತ ಬೈಯುವುದು?

ಮೂರು ಊರು, ಮೂರು ಪರೀಕ್ಷೆ

ಇಲ್ಲಿ ಒಂದು ತಮಾಷೆ ಹೇಳಬೇಕು. ಯಾವುದೇ ಬ್ರೌಸರಿನ ಕನ್ನಡ ಪರೀಕ್ಷೆ ಮಾಡಲು ನಾನು ಬಳಸುವುದು ನಮ್ಮ ಮೂರು ತಾಲ್ಲೂಕುಗಳ ಹೆಸರನ್ನೇ.

"ಆಳಂದ" ಸಲೀಸು. ಆ, ಳ, ಸೊನ್ನೆ, ದ... ಒಂದರ ಪಕ್ಕ ಒಂದು ಇಟ್ಟುಕೊಂಡು ಹೋದರಾಯ್ತು. ಫಾಂಟ್ ಒಂದಿದ್ದರೆ ಎಂಥ ದಡ್ಡ ತಂತ್ರಾಂಶವೂ ಪಾಸು.

"ಅಫಜಲಪುರ" ಸ್ವಲ್ಪ ಬಿಗಿ. ಪಕಾರಕ್ಕೆ ಕೊಂಬು ಅಂಟಬೇಕು. ಯಾರಾದರೂ "ಅಫ್ಜಲ್ಪುರ" ಅಂತ ಬರೆದರೆ ಎರಡು ಒತ್ತು ಬೇರೆ.

"ಜೇವರ್ಗಿ"ಯೇ ನಿಜವಾದ ಪರೀಕ್ಷೆ. ಕಂಪ್ಯೂಟರಿನ ಒಳಗೆ ಅದು ಉಚ್ಚಾರದ ಕ್ರಮದಲ್ಲೇ ಕೂತಿರುತ್ತದೆ: ರ, ಹಲಂತ, ಗ, ಗುಡಿಸು. ಆದರೆ ತೆರೆಯ ಮೇಲೆ ಮೊದಲು "ಗಿ" ಬರಬೇಕು, ಆಮೇಲೆ ಅರ್ಕಾವತ್ತು. ಅಂದರೆ ಮುಂದಿರುವ ರಕಾರವನ್ನು ಎತ್ತಿ ಹಿಂದೆ ಕೂರಿಸಬೇಕು. ಈ ಎತ್ತಿ ಕೂರಿಸುವ ಕೆಲಸ ಫಾಂಟೊಂದೇ ಮಾಡುವುದಿಲ್ಲ, ಅದಕ್ಕೊಂದು ಪ್ರತ್ಯೇಕ ಯಂತ್ರ ಬೇಕು. ವಿಂಡೋಸಿನಲ್ಲಿ ಅದಕ್ಕೆ ಯೂನಿಸ್ಕ್ರೈಬ್ ಅಂತ ಹೆಸರು. ಬ್ರೌಸರು ಆ ಯಂತ್ರವನ್ನು ಕೇಳದೆ ತನ್ನ ಪಾಡಿಗೆ ಅಕ್ಷರ ಬಿಡಿಸಿದರೆ "ಜೇವರ್‌ಗಿ" ಆಗುತ್ತದೆ.

ನಮ್ಮಪ್ಪನ ಹೆಸರಿನಲ್ಲೂ ಒಂದು ಅರ್ಕಾವತ್ತು ಇದೆ.

ಅಫಜಲಪುರ, ಅದೇ ವಾರ

ಅಫಜಲಪುರದಲ್ಲಿ ನಮ್ಮ ದೊಡ್ಡವ್ವನ ಮನೆ. ಅವರ ಮಗ, ನಮ್ಮ ಅಣ್ಣ, ಆಗ ಇಂಜಿನಿಯರಿಂಗ್ ಓದುತ್ತಿದ್ದ. ನಮ್ಮ ಇಡೀ ಬಳಗದಲ್ಲಿ ಸ್ವಂತ ಕಂಪ್ಯೂಟರ್ ಇದ್ದದ್ದು ಅವನೊಬ್ಬನ ಹತ್ತಿರ. ಅಪ್ಪ "ಅಲ್ಲಿಗೆ ಹೋಗು, ಅಂವ ಮಾಡಿಕೊಡ್ತಾನ" ಅಂತ ಬಸ್ಸಿಗೆ ದುಡ್ಡು ಕೊಟ್ಟು ಕಳಿಸಿದರು. ಗಾಣಗಾಪುರಕ್ಕೆ ಹೋಗುವ ದತ್ತನ ಭಕ್ತರ ನಡುವೆ ನಿಂತುಕೊಂಡೇ ಹೋದೆ.

ಅಣ್ಣ ಉಬುಂಟು ಲಿನಕ್ಸ್ ಹಾಕಿಕೊಂಡಿದ್ದ. ಬ್ರೌಸರು ಫೈರ್‌ಫಾಕ್ಸ್. ಅರ್ಜಿಯ ಪುಟ ತೆಗೆದ ಕೂಡಲೇ ನನ್ನ ಕಣ್ಣು ಅರಳಿತು. ಕನ್ನಡ! ಸಿಡಿ ಇಲ್ಲ, ಟಿಕ್ ಇಲ್ಲ, ಅಪ್ಪನ ಹೆಸರು ಅರ್ಕಾವತ್ತಿನ ಸಮೇತ ಎದುರಿಗೆ. ಆದರೆ ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ. ಮತ್ತೆ ಒತ್ತಿದೆ. ಅಣ್ಣ ಒತ್ತಿದ. ದೊಡ್ಡವ್ವ ಬಂದು "ಜೋರಾಗಿ ಒತ್ರಲಾ" ಅಂದಳು :)

ಮುಂದೆ ಇಂಜಿನಿಯರಿಂಗ್ ಸೇರಿದ ಮೇಲೆ, ಅಣ್ಣನ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಉಳಿದಿದ್ದ ಆ ಪುಟದ ಸೋರ್ಸ್ ತೆಗೆದು ನೋಡಿದೆ. ಬಟನ್ ಒತ್ತಿದಾಗ ಓಡಬೇಕಾದ ಕೋಡನ್ನು ವಿಬಿಸ್ಕ್ರಿಪ್ಟಿನಲ್ಲಿ ಬರೆದಿದ್ದರು. ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಟ್ಟು ಬೇರೆ ಯಾವ ಬ್ರೌಸರಿಗೂ ಅರ್ಥವಾಗದ ಭಾಷೆ. ಲಿನಕ್ಸಿಗೆ ಇಂಟರ್ನೆಟ್ ಎಕ್ಸ್‌ಪ್ಲೋರರೇ ಇರಲಿಲ್ಲ. "ಐಇ ಟ್ಯಾಬ್" ಅಂತ ಫೈರ್‌ಫಾಕ್ಸಿನ ಒಳಗೇ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಕೂರಿಸುವ ಒಂದು ಎಕ್ಸ್‌ಟೆನ್ಶನ್ ಇತ್ತು, ನಿಮ್ಮಲ್ಲಿ ಕೆಲವರು ಬಳಸಿರಬಹುದು. ಅದಕ್ಕೂ ವಿಂಡೋಸ್ ಬೇಕು.

ಅಂದರೆ ಆಳಂದದಲ್ಲಿ ಬಟನ್ ಇತ್ತು, ಅಕ್ಷರ ಇರಲಿಲ್ಲ. ಅಫಜಲಪುರದಲ್ಲಿ ಅಕ್ಷರ ಇತ್ತು, ಬಟನ್ ಇರಲಿಲ್ಲ.

ಕೊನೆಯ ದಿನ ದಾಟಿ ಹೋಯ್ತು. ಆ ವರ್ಷದ ಫೀಸು, ಹಾಸ್ಟೆಲ್ಲು ಎಲ್ಲ ಅಪ್ಪ ತೊಗರಿ ಮಾರಿದ ದುಡ್ಡಿನಲ್ಲೇ ಕಟ್ಟಿದರು. ಅಕ್ಕನ ಮದುವೆಗೆ ಅಂತ ಇಟ್ಟಿದ್ದ ದುಡ್ಡು ಅದು. ಮದುವೆ ಒಂದು ವರ್ಷ ಮುಂದೆ ಹೋಯ್ತು. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನರಿಯ ಕತೆ

ಆ ಫೈರ್‌ಫಾಕ್ಸ್ ಎಲ್ಲಿಂದ ಬಂತು? ಸೋತವರ ಮನೆಯಿಂದ. ನೆಟ್‌ಸ್ಕೇಪ್ ಕಂಪನಿ ಮುಳುಗುತ್ತಿದ್ದಾಗ, 1998ರ ಮಾರ್ಚಿನಲ್ಲಿ ತನ್ನ ಬ್ರೌಸರಿನ ಕೋಡನ್ನು ಇಡೀ ಜಗತ್ತಿಗೆ ಬಿಚ್ಚಿಟ್ಟಿತು. ಅದೇ ಮೊಝಿಲ್ಲಾ ಯೋಜನೆ. ಅದರೊಳಗಿಂದ 2002ರಲ್ಲಿ ಫೀನಿಕ್ಸ್ ಅಂತ ಒಂದು ಹಗುರ ಬ್ರೌಸರು ಹುಟ್ಟಿತು. ಹೆಸರಿನ ತಕರಾರಿನಿಂದ ಫೈರ್‌ಬರ್ಡ್ ಆಯ್ತು, 2004ರಲ್ಲಿ ಫೈರ್‌ಫಾಕ್ಸ್ ಆಯ್ತು. 1.0 ಬಂದದ್ದು 2004ರ ನವೆಂಬರ್ 9ಕ್ಕೆ. ಮುಂದಿನ ತಿಂಗಳು ನ್ಯೂಯಾರ್ಕ್ ಟೈಮ್ಸಿನಲ್ಲಿ ಎರಡು ಪುಟದ ಜಾಹೀರಾತು, ಅದರ ತುಂಬ ಚಂದಾ ಕೊಟ್ಟ ಸಾವಿರಾರು ಜನರ ಹೆಸರು!

ಆಗ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೈಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಾರುಕಟ್ಟೆ. ಅಮೆರಿಕದ ಸರ್ಕಾರ 1998ರಲ್ಲಿ ಮೈಕ್ರೋಸಾಫ್ಟ್ ಮೇಲೆ ಕೇಸು ಹಾಕಿತ್ತು. 2000ದಲ್ಲಿ ಕೋರ್ಟು ಕಂಪನಿಯನ್ನು ಎರಡು ಹೋಳು ಮಾಡಿ ಅಂದಿತು, 2001ರಲ್ಲಿ ಮೇಲ್ಮನವಿಯಲ್ಲಿ ಆ ಆದೇಶ ಬಿದ್ದು ಹೋಯ್ತು, ಆಮೇಲೆ ರಾಜಿ. ಅತ್ತ ಎದುರಾಳಿ ಸತ್ತ ಮೇಲೆ ಓಡುವುದು ಯಾಕೆ ಅನ್ನುವ ಹಾಗೆ ಆವೃತ್ತಿ 6 (2001) ಮತ್ತು 7ರ (2006) ನಡುವೆ ಐದು ವರ್ಷ ಕಳೆದವು. ಆ ಐದು ವರ್ಷಗಳಲ್ಲೇ ನಮ್ಮ ದೇಶದ ಎಷ್ಟೋ ಕಚೇರಿಗಳು ಆನ್‌ಲೈನ್ ಆದದ್ದು. ಎದುರಿಗೆ ಇದ್ದದ್ದು ಒಂದೇ ಬ್ರೌಸರು, ಅದಕ್ಕೇ ಹೊಲಿದು ಕೊಟ್ಟರು. ಬರೆದವರು ಕೆಟ್ಟವರಲ್ಲ, ಬೇರೆ ಬ್ರೌಸರ್ ಇರಬಹುದು ಅಂತ ಅವರಿಗೆ ಹೊಳೆಯಲೇ ಇಲ್ಲ. ಇದು ನಮ್ಮ ದೇಶದ ಕತೆ ಮಾತ್ರವೂ ಅಲ್ಲ. ಅಷ್ಟು ಮುಂದುವರಿದ ದಕ್ಷಿಣ ಕೊರಿಯಾದಲ್ಲೂ ಬ್ಯಾಂಕಿನ ವ್ಯವಹಾರವೆಲ್ಲ ವರ್ಷಗಟ್ಟಲೆ ಆಕ್ಟಿವ್‌ಎಕ್ಸ್ ಹೆಸರಿನಲ್ಲಿ ಅದೇ ಒಂದು ಬ್ರೌಸರಿಗೆ ಕಟ್ಟುಬಿದ್ದಿತ್ತು.

ಹಾಗಂತ ಫೈರ್‌ಫಾಕ್ಸ್ ಮೊದಲಿನಿಂದಲೂ ಕನ್ನಡದ ಗೆಳೆಯ ಅಂತೇನೂ ಅಲ್ಲ. ಹಳೆಯ ಬ್ಲಾಗಿಗರಿಗೆ ನೆನಪಿರಬೇಕು. ಫೈರ್‌ಫಾಕ್ಸ್ 2ರ ತನಕ, ಪ್ಯಾರಾವನ್ನು ಎರಡೂ ಅಂಚಿಗೆ ಸಮ ಮಾಡಿದರೆ ಒತ್ತಕ್ಷರಗಳೆಲ್ಲ ಕಳಚಿಕೊಂಡು ಬೀಳುತ್ತಿದ್ದವು. "ನಿಮ್ಮ ಬ್ಲಾಗು ನನಗೆ ಸರಿಯಾಗಿ ಕಾಣ್ತಿಲ್ಲ" ಅಂತ ಕಾಮೆಂಟು ಬಂದರೆ ಟೆಂಪ್ಲೇಟಿನಲ್ಲಿ ಆ ಒಂದು ಸಾಲು ಕಿತ್ತು ಹಾಕಬೇಕಿತ್ತು. ಅದು ಸರಿಹೋದದ್ದು 2008ರ ಜೂನ್ 17ರಂದು ಬಂದ ಫೈರ್‌ಫಾಕ್ಸ್ 3ರಲ್ಲಿ, ಅಕ್ಷರ ಬಿಡಿಸುವ ಭಾಗವನ್ನು ಹೊಸದಾಗಿ ಬರೆದ ಮೇಲೆ. ಒಂದೇ ದಿನದಲ್ಲಿ 80 ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್ ಆಗಿ ಗಿನ್ನೆಸ್ ದಾಖಲೆ ಆಗಿದ್ದು ಅದೇ ಆವೃತ್ತಿ.

ಅಜ್ಜನ "ಹರ್ಫ್"

ಅಣ್ಣನ ಲಿನಕ್ಸಿನಲ್ಲಿ ಅರ್ಕಾವತ್ತು ಸರಿಯಾಗಿ ಬಂದದ್ದರ ಹಿಂದೆ ಲೋಹಿತ್ ಅನ್ನುವ ಮುಕ್ತ ಫಾಂಟೂ, ಅಕ್ಷರ ಜೋಡಿಸುವ ಮುಕ್ತ ತಂತ್ರಾಂಶವೂ ಇದ್ದವು. ಆ ಸಾಲಿನ ತಂತ್ರಾಂಶದಲ್ಲಿ ಇವತ್ತು ದೊಡ್ಡ ಹೆಸರು ಹಾರ್ಫ್‌ಬಝ್. ಇರಾನ್ ಮೂಲದ ಬೆಹದಾದ್ ಎಸ್ಫಾಬೋದ್ ಮುಂದೆ ನಿಂತು ಬೆಳೆಸಿದ್ದು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲವೂ ಅಕ್ಷರ ಜೋಡಿಸಲು ಅದನ್ನೇ ಬಳಸುತ್ತವೆ. ನೀವು ಈ ಬರಹ ಓದುತ್ತಿರುವಾಗಲೂ ಬಹುಶಃ ಅದೇ ಒಳಗೆ ಕೂತು ರಕಾರ ಎತ್ತಿ ಎತ್ತಿ ಇಡುತ್ತಿದೆ.

ಆ ಹೆಸರು ಪಾರ್ಸಿ ಮಾತು. ಹರ್ಫ್ ಅಂದರೆ ಅಕ್ಷರ, ಬಾಝ್ ಅಂದರೆ ತೆರೆದ. "ಓಪನ್ ಟೈಪ್" ಅನ್ನುವುದರ ಪಾರ್ಸಿ ರೂಪ. ಇದನ್ನು ಮೊದಲ ಸಲ ಓದಿದಾಗ ನಮ್ಮ ಅಜ್ಜ ನೆನಪಾದರು. ಅಜ್ಜ ನಿಜಾಮನ ಕಾಲದಲ್ಲಿ ಶಾಲೆಗೆ ಹೋದವರು, ಉರ್ದುವಿನಲ್ಲಿ ಕಲಿತವರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಕನ್ನಡದ ಓದು ಬರಹವನ್ನು ದೊಡ್ಡವರಾಗಿ ಹೊಸದಾಗಿ ಕಲಿತರು. ಸಾಯುವ ತನಕ ಅಕ್ಷರಕ್ಕೆ "ಹರಫು" ಅಂತಲೇ ಅನ್ನುತ್ತಿದ್ದರು. ಅಜ್ಜನಿಗೆ ಶಾಲೆಯಲ್ಲಿ ಕನ್ನಡ ಅಕ್ಷರ ಸಿಗಲಿಲ್ಲ. ಮೊಮ್ಮಗನಿಗೆ ಕಂಪ್ಯೂಟರಿನಲ್ಲಿ ಸಿಗಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ, ಆದರೂ ನೆನಪಾಯ್ತು.

ಒಪೆರಾ, ಎಪಿಕ್, ಕ್ರೋಮ್

ನಡುವೆ ಬಂದು ಹೋದವರನ್ನೂ ನೆನೆಯಬೇಕು. ನಾರ್ವೆಯ ಒಪೆರಾ 1990ರ ದಶಕದ ಹಿರಿಯ. ಡೆಸ್ಕ್‌ಟಾಪಿನಲ್ಲಿ ಜಾಹೀರಾತು ತೆಗೆದು ಪೂರ್ತಿ ಉಚಿತ ಆದದ್ದು 2005ರಲ್ಲಿ. ನಮ್ಮ ಕಡೆ ಅದರ ಹೆಸರು ಹರಡಿದ್ದು ಮಾತ್ರ ಮೊಬೈಲಿನ ಒಪೆರಾ ಮಿನಿಯಿಂದ. ಅದರ ಸೆಟ್ಟಿಂಗಿನಲ್ಲಿ ಒಂದು ಆಯ್ಕೆ ಬದಲಿಸಿದರೆ ಕನ್ನಡ ಅಕ್ಷರಗಳನ್ನು ಅವರ ಸರ್ವರಿನಲ್ಲೇ ಚಿತ್ರ ಮಾಡಿ ಕಳಿಸುತ್ತಿದ್ದರು. ಎಷ್ಟೋ ಜನ ನೋಕಿಯಾ ಫೋನಿನಲ್ಲಿ ಕನ್ನಡ ಓದಿದ್ದು ಹಾಗೆ.

ನಮ್ಮ ಬೆಂಗಳೂರಿನದ್ದೇ ಒಂದು ಬ್ರೌಸರ್ ಇದೆ ಅಂತ ಎಷ್ಟು ಜನರಿಗೆ ಗೊತ್ತು? ಹಿಡನ್ ರಿಫ್ಲೆಕ್ಸ್ ಅನ್ನುವ ಕಂಪನಿ 2010ರ ಜುಲೈನಲ್ಲಿ "ಎಪಿಕ್" ಬಿಡುಗಡೆ ಮಾಡಿತು. ಫೈರ್‌ಫಾಕ್ಸಿನ ಕೋಡಿನ ಮೇಲೆ ಕಟ್ಟಿದ್ದು. ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಕುಟ್ಟುವ ಸೌಲಭ್ಯ ಬದಿಯಲ್ಲೇ ಇತ್ತು. ಒಳ್ಳೆಯ ಆಲೋಚನೆ. ಆದರೆ 2013ರಲ್ಲಿ ಅವರು ದಾರಿ ಬದಲಿಸಿ, ಕ್ರೋಮಿಯಂ ಮೇಲೆ ಹೊಸದಾಗಿ ಕಟ್ಟಿ, ಖಾಸಗಿತನ ಕಾಯುವ ಬ್ರೌಸರಾಗಿ ಮಾಡಿದರು. ಅದೇ ವರ್ಷ ಒಪೆರಾ ಕೂಡ ತನ್ನ ಸ್ವಂತ ಇಂಜಿನ್ ಬಿಟ್ಟು ಕ್ರೋಮಿಯಂಗೆ ಬಂತು.

ಕ್ರೋಮಿಯಂ ಅಂದರೆ ಗೂಗಲ್ ಕ್ರೋಮಿನ ಮುಕ್ತ ಬುನಾದಿ. 2008ರ ಸೆಪ್ಟೆಂಬರಿನಲ್ಲಿ ಕ್ರೋಮ್ ಬಂದಾಗ ಅದರ ವೇಗ ನೋಡಿ ಎಲ್ಲರೂ ಬೆರಗಾಗಿದ್ದರು. ಒಂದು ಟ್ಯಾಬ್ ಸತ್ತರೆ ಉಳಿದವು ಸಾಯುತ್ತಿರಲಿಲ್ಲ. ಅದರ ಇಂಜಿನ್ನಿಗೂ ದೊಡ್ಡ ವಂಶವೃಕ್ಷ ಇದೆ. ಲಿನಕ್ಸಿನ ಕೆಡಿಇ ಬಳಗದ ಕೆಎಚ್‌ಟಿಎಂಎಲ್, ಅದರಿಂದ ಆಪಲ್‌ನ ವೆಬ್‌ಕಿಟ್, ಅದರಿಂದ 2013ರಲ್ಲಿ ಗೂಗಲ್‌ನ ಬ್ಲಿಂಕ್. ಕೊನೆಗೆ ಮೈಕ್ರೋಸಾಫ್ಟೇ ಸೋಲೊಪ್ಪಿ, 2020ರ ಜನವರಿಯಲ್ಲಿ ತನ್ನ ಎಡ್ಜ್ ಬ್ರೌಸರನ್ನು ಕ್ರೋಮಿಯಂ ಮೇಲೆ ಕೂರಿಸಿತು. ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ 2022ರ ಜೂನ್ 15ಕ್ಕೆ ವಿದಾಯ.

ಇವತ್ತು ಕ್ರೋಮ್, ಎಡ್ಜ್, ಒಪೆರಾ, ಬ್ರೇವ್, ವಿವಾಲ್ಡಿ, ಎಪಿಕ್, 2023ರಲ್ಲಿ ಝೋಹೋ ತಂದ ಉಲಾ... ಅಂಗಿ ಬೇರೆ ಬೇರೆ, ಹೃದಯ ಒಂದೇ. ಕೇಂದ್ರ ಸರ್ಕಾರ 2023ರಲ್ಲಿ ಸ್ವದೇಶಿ ಬ್ರೌಸರಿಗಾಗಿ ಸ್ಪರ್ಧೆ ಮಾಡಿ, 2025ರ ಮಾರ್ಚಿನಲ್ಲಿ ಝೋಹೋಗೆ ಮೊದಲ ಬಹುಮಾನ ಕೊಟ್ಟಿತು. ಸಂತೋಷವೇ. ಆದರೆ ಬೇರೆ ಹೃದಯ ಇರುವವರು ಲೆಕ್ಕಕ್ಕೆ ಇಬ್ಬರೇ: ಆಪಲ್‌ನ ಸಫಾರಿ ಮತ್ತು ಫೈರ್‌ಫಾಕ್ಸ್. ಸಫಾರಿ ವಿಂಡೋಸಿಗೆ ಇಲ್ಲ. ಫೈರ್‌ಫಾಕ್ಸಿನ ಆದಾಯದ ಬಹುಪಾಲು ಬರುವುದು ಗೂಗಲ್ ಕೊಡುವ ಹುಡುಕಾಟದ ಹಣದಿಂದಲೇ. ಅಮೆರಿಕದ ಕೋರ್ಟು 2024ರ ಆಗಸ್ಟಿನಲ್ಲಿ ಗೂಗಲ್ ಹುಡುಕಾಟದಲ್ಲಿ ಅಕ್ರಮ ಏಕಸ್ವಾಮ್ಯ ನಡೆಸಿದೆ ಅಂದಿತು, 2025ರ ಸೆಪ್ಟೆಂಬರಿನಲ್ಲಿ ಕ್ರೋಮ್ ಮಾರಬೇಕಿಲ್ಲ ಅಂತಲೂ ಅಂದಿತು. 1998ರ ಸಿನಿಮಾ, ಹೊಸ ನಟವರ್ಗ.

ಜೇವರ್ಗಿ, ಮಾಮಾನ ಅಂಗಡಿ

ಮತ್ತೆ ಮಾಮಾನ ಪ್ರಶ್ನೆಗೆ ಬರೋಣ. ಎರಡು ಕಂಪ್ಯೂಟರು. ಒಂದು ವಿಂಡೋಸ್ 10, 4 ಜಿಬಿ ಮೆಮೊರಿ. ಇನ್ನೊಂದು ಹಳೆಯ ವಿಂಡೋಸ್ 7. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಕೂತು ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಬ್ರೇವ್ ನಾಲ್ಕನ್ನೂ ಹಾಕಿ ನೋಡಿದೆ.

ಕನ್ನಡ: ಮೂರೂ ಊರಿನ ಹೆಸರು ಪುಟದಲ್ಲಿ, ಟ್ಯಾಬಿನ ತಲೆಯಲ್ಲಿ, ಪ್ರಿಂಟಿನಲ್ಲಿ ನಾಲ್ಕರಲ್ಲೂ ಸರಿಯಾಗಿ ಬಂದವು. ಈ ಜಗಳ ಮುಗಿದಿದೆ. ದೊಡ್ಡ ಮಾತು ಇದು, ಸುಮ್ಮನೆ ದಾಟಿ ಹೋಗಬೇಡಿ.

ಮೆಮೊರಿ: ಹತ್ತು ಟ್ಯಾಬ್ ತೆಗೆದರೆ 4 ಜಿಬಿಯಲ್ಲಿ ಎಲ್ಲವೂ ಏದುಸಿರು ಬಿಡುತ್ತವೆ. ಬಳಸದ ಟ್ಯಾಬನ್ನು ಮಲಗಿಸುವ ಉಪಾಯ ಈಗ ಎಲ್ಲರಲ್ಲೂ ಇದೆ. ನನ್ನ ಕಣ್ಣಿಗೆ ದೊಡ್ಡ ವ್ಯತ್ಯಾಸ ಕಂಡದ್ದು ಬ್ರೌಸರಿನಿಂದ ಅಲ್ಲ, ಜಾಹೀರಾತು ತಡೆದಾಗ.

ಜಾಹೀರಾತು: ಇದು ಅಂಗಡಿಗೆ ಬಹಳ ಮುಖ್ಯ. ಫಲಿತಾಂಶ ಹುಡುಕಿದರೆ ಹತ್ತು ಕಳ್ಳ ತಾಣ, ಪ್ರತಿಯೊಂದರಲ್ಲೂ ನಕಲಿ "ಡೌನ್‌ಲೋಡ್" ಬಟನ್. ಯೂಬ್ಲಾಕ್ ಆರಿಜಿನ್ ಎಂಬ ಒಳ್ಳೆಯ ತಡೆ ಫೈರ್‌ಫಾಕ್ಸಿನಲ್ಲಿ ಪೂರ್ತಿ ಓಡುತ್ತದೆ. ಕ್ರೋಮ್ ಎಕ್ಸ್‌ಟೆನ್ಶನ್ನುಗಳ ನಿಯಮ ಬದಲಿಸಿದ್ದರಿಂದ 2025ರ ಹೊತ್ತಿಗೆ ಅಲ್ಲಿ ಅದರ "ಲೈಟ್" ರೂಪ ಮಾತ್ರ ಉಳಿದಿದೆ. ಬ್ರೇವ್‌ನಲ್ಲಿ ತಡೆ ಒಳಗೇ ಬರುತ್ತದೆ.

ಹಳೆಯ ತಾಣಗಳು: ಇನ್ನೂ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬೇಡುವ ತಾಣಗಳಿಗೆ ಎಡ್ಜ್‌ನಲ್ಲಿ "ಐಇ ಮೋಡ್" ಇದೆ. ಕನಿಷ್ಠ 2029ರ ತನಕ ಇರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಮಾಮಾನ "ಫಾರ್ಮೇ ತಗಿಯಂಗಿಲ್ಲ" ಅನ್ನುವ ಎರಡು ತಾಣ ಅದರಲ್ಲಿ ತೆಗೆದವು.

ಹಳೆಯ ಕಂಪ್ಯೂಟರು: ವಿಂಡೋಸ್ 7ಕ್ಕೆ ಕ್ರೋಮ್ 2023ರ ಆರಂಭದಲ್ಲಿ, 109ನೇ ಆವೃತ್ತಿಗೆ ನಿಂತುಹೋಯಿತು. ಫೈರ್‌ಫಾಕ್ಸ್ ತನ್ನ 115ನೇ ಆವೃತ್ತಿಗೆ ಅದರ ನಂತರವೂ ತೇಪೆ ಹಾಕುತ್ತಾ ಬಂತು. ಆದರೆ ಬೇರೆಯವರ ಆಧಾರ್, ಬ್ಯಾಂಕು ತೆರೆಯುವ ಜಾಗದಲ್ಲಿ ವಿಂಡೋಸ್ 7 ಬೇಡವೇ ಬೇಡ. "ಲಿನಕ್ಸ್ ಹಾಕಲಾ ಮಾಮಾ?" ಅಂದೆ. "ಹೆಬ್ಬಟ್ಟಿನ ಮಷಿನ್ ನಡೀಬೇಕಲಾ" ಅಂದರು. ಸರಿ, ಅದನ್ನು ನೆಟ್ ಕಿತ್ತು ಬರೀ ಝೆರಾಕ್ಸ್, ಟೈಪಿಂಗಿಗೆ ಇಟ್ಟೆವು.

ಇನ್ನೊಂದು ಸಂಗತಿ ನೋಡಿ ಎದೆ ಧಸಕ್ ಅಂತು. ಡೌನ್‌ಲೋಡ್ ಫೋಲ್ಡರಿನಲ್ಲಿ ಊರ ಮಂದಿಯ ಆಧಾರ್, ಪಾಸ್‌ಬುಕ್, ಜಾತಿ ಪ್ರಮಾಣಪತ್ರ ರಾಶಿ ಬಿದ್ದಿದ್ದವು. ಯಾವ ಬ್ರೌಸರ್ ಹಾಕಿದರೂ ಇದು ತಾನಾಗಿ ಹೋಗುವುದಿಲ್ಲ. ಪ್ರೈವೇಟ್ ವಿಂಡೋ ಕೂಡ ಇಳಿಸಿದ ಕಡತವನ್ನು ಸಾಮಾನ್ಯವಾಗಿ ತಾನಾಗಿ ಅಳಿಸುವುದಿಲ್ಲ. ಫೈರ್‌ಫಾಕ್ಸ್ ಮುಚ್ಚಿದಾಗ ಕುಕಿ, ಇತಿಹಾಸ ಎಲ್ಲ ಅಳಿಯುವ ಹಾಗೆ ಮಾಡಿ, ಪಾಸ್‌ವರ್ಡ್ ನೆನಪಿಡುವುದನ್ನು ನಿಲ್ಲಿಸಿ, ಆ ಫೋಲ್ಡರನ್ನು ದಿನಾ ರಾತ್ರಿ ಖಾಲಿ ಮಾಡಲು ಮಾಮಾನಿಂದ ಮಾತು ತಗೊಂಡೆ.

ಕೊನೆಯ ತೀರ್ಪು: ದಿನದ ಕೆಲಸಕ್ಕೆ ಫೈರ್‌ಫಾಕ್ಸ್, ಹಟಮಾರಿ ತಾಣಗಳಿಗೆ ಎಡ್ಜ್. "ಎರಡು ಯಾಕ?" ಅಂತ ಮಾಮಾ ಕೇಳಿದರು. ಎರಡು ಬೇರೆ ಬೇರೆ ಇಂಜಿನ್ ಬೇಕು, ಒಂದು ಬಾಗಿಲು ಜಾಮ್ ಆದರೆ ಹಿತ್ತಲ ಬಾಗಿಲಾದರೂ ಇರಲಿ ಅಂದೆ. ಮನಸ್ಸಿನಲ್ಲಿ ಇದ್ದದ್ದು ಬೇರೆ. ಇಡೀ ಊರು ಒಂದೇ ಬ್ರೌಸರ್ ಬಳಸಿದರೆ ತಾಣ ಬರೆಯುವವನೂ ಅದೊಂದರಲ್ಲೇ ಪರೀಕ್ಷೆ ಮಾಡಿ ಕೈ ತೊಳೆದುಕೊಳ್ಳುತ್ತಾನೆ. ನನ್ನ ಕೆಲಸದಲ್ಲೇ ದಿನಾ ನೋಡುತ್ತೇನೆ, "ಕ್ರೋಮಲ್ಲಿ ಓಡ್ತಿದೆಯಲ್ಲ, ಸಾಕು ಬಿಡು" ಅನ್ನುತ್ತಾರೆ. ನಾನೂ ಒಂದೆರಡು ಸಲ ಅಂದಿದ್ದೇನೆ, ಸುಳ್ಳು ಯಾಕೆ ಹೇಳಲಿ. ವಿಬಿಸ್ಕ್ರಿಪ್ಟ್ ಬರೆದ ಆ ಪುಣ್ಯಾತ್ಮನೂ ಅದನ್ನೇ ಅಂದಿರಬೇಕು.

ಸಂಜೆ ಒಬ್ಬ ಹುಡುಗ ಬಂದ. ಪಿಯುಸಿ ಮೊದಲ ವರ್ಷವಂತೆ, ಸ್ಕಾಲರ್‌ಶಿಪ್ ಅರ್ಜಿ. ಮಾಮಾ ಫೈರ್‌ಫಾಕ್ಸಿನಲ್ಲೇ ತುಂಬಿದರು, ಬಟನ್ ಒತ್ತಿದರು, ಹೋಯ್ತು. ಪ್ರಿಂಟ್ ಹೊರಗೆ ಬರುವಾಗ ನಾನೇ ಕೈಯಲ್ಲಿ ಹಿಡಿದು ನೋಡಿದೆ. ವಿಳಾಸದ ಕೊನೆಯಲ್ಲಿ "ಜೇವರ್ಗಿ", ಅರ್ಕಾವತ್ತು ತನ್ನ ಜಾಗದಲ್ಲಿ. ಹುಡುಗ ಅದನ್ನು ನೋಡಲೇ ಇಲ್ಲ, ಮಡಚಿ ಜೇಬಿಗಿಟ್ಟು "ಎಷ್ಟಾತ್ರಿ?" ಅಂದ. ನೋಡುವ ಅಗತ್ಯ ಅವನಿಗೆ ಬಾರದಿರಲಿ.

ನಿಮ್ಮ ಮೊದಲ ಬ್ರೌಸರ್ ಯಾವುದು? ಅದರಲ್ಲಿ ಮೊದಲು ಕನ್ನಡ ನೋಡಿದ್ದು ಯಾವಾಗ? ಡಬ್ಬಿ ಕಂಡಿತ್ತಾ, ಅಕ್ಷರ ಕಂಡಿತ್ತಾ? ಬರೆಯಿರಿ, ಓದಲು ಕಾದಿರುತ್ತೇನೆ.